ಒಂದು ಕಾಲೆತ್ತಿದ ಹಕ್ಕಿ

ಬಾರ್ನ್ಸ್ಲಿ
೮ ಮಾರ್ಚ್ ೧೯೯೮

ಪ್ರೀತಿಯ ಡೋರಿ,

ಕ್ರಿಸ್ಮಸ್‌ಗೆ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ, ಬೈದುಕೋ. ವಿಲ್ಫ್‌ನ ಸೊಂಟದ ಆಪರೇಷನ್ ಆಯಿತು. ನಿನ್ನ ಭಾವ ಆಸ್ಪತ್ರೆಯಲ್ಲೂ ಸುಮ್ಮನಿರದೆ ನರ್ಸುಗಳಿಗೆಲ್ಲ ಬಂದೂಕಿನ ಕಥೆ ಹೇಳಿ ತಲೆ ತಿಂದು ಬಂದಿದ್ದಾನೆ. ಕೆನಡಾದ ಚಳಿಗೆ ನಿನ್ನ ಮಂಡಿನೋವು ಹೇಗಿದೆ? ಮೇ ತಿಂಗಳಲ್ಲಿ ಬರುವುದು ಖಂಡಿತ ತಾನೇ?

ನಳಿಗೆಗೆ ಬೆಸುಗೆ ಹಾಕಿದ, ಇನ್ನೆಂದೂ ಗುಂಡು ಹಾರದ ಹಳೇ ಸೈನ್ಯದ ಬಂದೂಕುಗಳಿಗೆ ದುಡ್ಡು ಸುರಿಯುವ ಅವನ ಹುಚ್ಚನ್ನು ನಾವಿಬ್ಬರೂ ಎಷ್ಟು ಆಡಿಕೊಂಡಿದ್ದೇವೆ! ಆದರೆ ಬಸ್ ಓಡಿಸಿ ಒರಟಾದ ಆ ಕೈಗಳು ಬಂದೂಕಿನ ಮರಕ್ಕೆ ಅಗಸೆ ಎಣ್ಣೆ ಹಚ್ಚಿ, ಅದು ಬೆಚ್ಚಗಾಗುವವರೆಗೆ ಅಂಗೈಯಿಂದಲೇ ಉಜ್ಜುವುದನ್ನು ನೋಡಿದರೆ ಬೈಯಲು ಮನಸ್ಸಾಗುವುದಿಲ್ಲ. ಮರದ ಗೀರು, ಕಲೆ ಯಾವುದನ್ನೂ ಅವನು ಅಳಿಸುವುದಿಲ್ಲ. ಬಂದೂಕು ಹೊತ್ತು ನಡೆದವನದೆಂದು ಉಳಿದಿರುವುದು ಅಷ್ಟೇ, ಅದನ್ನು ತೆಗೆಯಲು ನಾವ್ಯಾರು ಎನ್ನುತ್ತಾನೆ.

ಹೋದ ವರ್ಷ ಸಂತೆಯಲ್ಲಿ ಅವನಿಗೊಂದು ಬಂದೂಕು ಸಿಕ್ಕಿತು. ಹೆಗಲಿಗೆ ಆನಿಸುವ ಮರದ ಮೇಲೆ ಯಾರೋ ಸಿಪಾಯಿ ಚಾಕುವಿನಿಂದ ಪುಟ್ಟ ಹಕ್ಕಿ ಕೆತ್ತಿದ್ದ, ಒಂದು ಕಾಲೆತ್ತಿ ನಿಂತದ್ದು. ಅದನ್ನು ಮಾತ್ರ ವಿಲ್ಫ್ ಗೋಡೆಗೆ ಹಾಕಲಿಲ್ಲ, ಮಗಳು ಹಿಲರಿಗೂ ತೋರಿಸಲಿಲ್ಲ. ಕಂಬಳಿ ಸುತ್ತಿ ಶೆಡ್ಡಿನಲ್ಲಿಟ್ಟಿದ್ದ.

ಹಿಲರಿಯ ಗಂಡ ಗ್ಲೆನ್ ಬಡಗಿಯಲ್ಲವೇ, ಮದುವೆಯಾದಾಗಿನಿಂದ ಮಾವನೆದುರು ಕುರ್ಚಿಯ ತುದಿಯಲ್ಲೇ ಕೂರುವವನು. ವಿಲ್ಫ್ ಆಸ್ಪತ್ರೆಯಲ್ಲಿದ್ದಾಗ ಶೆಡ್ಡಿನಲ್ಲಿ ಆ ಬಂದೂಕು ಕಂಡು, ರಿಪೇರಿಗೆ ಕಾದಿದೆ ಎಂದುಕೊಂಡು, ನನಗೂ ಹೇಳದೆ ಉಪ್ಪುಕಾಗದ ಹಾಕಿ ತಿಕ್ಕಿ, ವಾರ್ನಿಷ್ ಬಳಿದು, ಮುಖ ಕಾಣುವಂತೆ ಮಾಡಿದ. ಮನೆಗೆ ಬಂದ ವಿಲ್ಫ್‌ನ ಮಡಿಲಲ್ಲಿ ರಿಬ್ಬನ್ ಕಟ್ಟಿ ಇಟ್ಟ.

"ಯಾರೋ ಗೀಚಿ ಹಾಳ್ಮಾಡಿದ್ರು, ವಿಲ್ಫ್. ಎಲ್ಲಾ ತೆಗೆದ್ಬಿಟ್ಟೆ" ಎಂದ.

ವಿಲ್ಫ್‌ನ ಹೆಬ್ಬೆರಳು ಹಕ್ಕಿಯಿದ್ದ ಜಾಗಕ್ಕೆ ಹೋಯಿತು. ಮತ್ತೆ ಹೋಯಿತು. ಇವನೊಂದು ಮಾತು ಗಟ್ಟಿಯಾಗಿ ಆಡಿದರೆ ಆ ಹುಡುಗ ಇನ್ನು ನಮ್ಮ ಹೊಸಿಲು ತುಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು.

"ಒಂದ್ ಕಡೆನೂ ಏರುತಗ್ಗಿಲ್ಲ ಕಣೋ," ಎಂದ ವಿಲ್ಫ್. "ಇಂಥ ಕೈ ನಂಗಿಲ್ಲ. ಬಾ, ಒರಗಿ ಕೂತ್ಕೋ. ಟೀ ಕುಡಿಯೋಣ."

ಆಮೇಲೆ ಅದನ್ನು ಬೆಂಕಿಗೂಡಿನ ಮೇಲೆ ಗ್ಲೆನ್ ಕೈಯಿಂದಲೇ ತೂಗುಹಾಕಿಸಿದ. ಗ್ಲೆನ್ ಹೋದ ಮೇಲೆ ನಾನು, ಹೇಗೆ ತಡೆದುಕೊಂಡೆ ಮಾರಾಯ ಎಂದು ಕೇಳಿದೆ.

"ಹಕ್ಕಿ ಹೋಯ್ತು. ಹುಡುಗನೂ ಹೋಗೋದ್ ಬೇಡ" ಎಂದ. ನನ್ನ ಕಡೆ ತಿರುಗದೆ, ತೊಳೆದಿಟ್ಟಿದ್ದ ಕಪ್ಪನ್ನೇ ಮತ್ತೆ ತೊಳೆಯುತ್ತಿದ್ದ. ಡೋರಿ, ಇಂಥವನನ್ನು ಕಟ್ಟಿಕೊಂಡೆನಲ್ಲ ಎಂದು ಅವತ್ತು ಹೆಮ್ಮೆಪಟ್ಟೆ.

ದೇವರು ನಿನ್ನನ್ನೂ ಮಕ್ಕಳನ್ನೂ ತಣ್ಣಗಿಟ್ಟಿರಲಿ. ಮಂಡಿಗೆ ಬಿಸಿನೀರಿನ ಶಾಖ ಬಿಡಬೇಡ.

ನಿನ್ನ ಅಕ್ಕ,
ಈನಿಡ್

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬಂದಿರಲಿಲ್ಲ. ಅಪ್ಪ ಯುದ್ಧಕ್ಕೆ ಹೋಗುವ ಮುಂಚೆ ನನ್ನ ಬುತ್ತಿಯ ಪೊಟ್ಟಣದ ಮೇಲೆ ದಿನಾ ಬರೆಯುತ್ತಿದ್ದುದು ಅದೇ ಹಕ್ಕಿ, ಅದೇ ಎತ್ತಿದ ಕಾಲು. ಅಪ್ಪನದೇ ಎಂದು ಆಣೆ ಮಾಡಲಾರೆ, ಆದರೆ ನೋಡಿದೊಡನೆ ಗುರುತು ಹಿಡಿದು ವಿಲ್ಫ್‌ಗೆ ಹೇಳಿದೆ. ನೀನು ಹುಟ್ಟುವ ಮೊದಲೇ ಅಪ್ಪ ಹೋದರು. ಅವರ ಕೈಯದೊಂದು ಗೆರೆಯೂ ನನಗಿಲ್ಲ ಎಂದು ನೀನು ಅತ್ತದ್ದನ್ನು ವಿಲ್ಫ್ ಮರೆತಿರಲಿಲ್ಲ. ಮೇ ತಿಂಗಳಲ್ಲಿ ನಿನ್ನ ಬೆರಳು ಹಿಡಿದು ಅದರ ಮೇಲೆ ಇಡಬೇಕೆಂದೇ ಅದನ್ನು ಬಚ್ಚಿಟ್ಟಿದ್ದ. ನೀನು ಬಂದಾಗ ಅದು ಗೋಡೆಯ ಮೇಲೆ ಹೊಳೆಯುತ್ತಿರುತ್ತದೆ. ಗ್ಲೆನ್ ಪಕ್ಕದಲ್ಲೇ ನಿಂತಿರುತ್ತಾನೆ. ಚೆನ್ನಾಗಿದೆ ಎಂದುಬಿಡು, ಡೋರಿ.