ಬರ್ತೀನಿಯೋ ಮರ್ತೀನಿಯೋ

೧೪, ಟೆಂಟರ್ ಬೀದಿ,
ಆಲ್ಡರ್‌ಕ್ಲಫ್, ಲ್ಯಾಂಕಷೈರ್
ಭಾನುವಾರ, ೬ ಜುಲೈ ೧೯೫೨

ಪ್ರೀತಿಯ ಡೋರೀನ್ ಮಗಳೇ,

ಹೇಗಿದ್ದೀಯ? ಕೆಮ್ಮು ನಿಂತಿತೇ? ಆ ಕವೆಂಟ್ರಿಯ ಬಾಡಿಗೆಮನೆಯಾಕೆ ಹೊಟ್ಟೆ ತುಂಬ ಹಾಕುತ್ತಾಳೋ, ಇಲ್ಲ ನಿನ್ನ ರೇಷನ್ ಬೆಣ್ಣೆಯನ್ನೆಲ್ಲ ತನ್ನ ಬೆಕ್ಕಿಗೆ ನೆಕ್ಕಿಸುತ್ತಾಳೋ? ನಾವು ಚೆನ್ನಾಗಿದ್ದೇವೆ. ಕಾಗದದಲ್ಲಿ ಹಾಗೆ ಬರೆಯಬೇಕಲ್ಲ ಎಂದು ಬರೆದೆ, ಅಷ್ಟೆ. ನಿಮ್ಮಪ್ಪನ ಸೊಂಟ ಪೂರ್ತಿ ಹೋಯಿತು. ಇನ್ನು ಮಗ್ಗದಡಿ ನುಸುಳುವುದು ಆಗದು ಎಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದಾರೆ. ಈಗ ನಾನು ಮಿಲ್ಲಿಗೆ ಹೋಗುತ್ತೇನೆ, ನಿಮ್ಮಪ್ಪ ಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾರೆ. ಸುಲಿಯುವಾಗ ಕಿಟಕಿಯ ಪರದೆ ಎಳೆದುಕೊಳ್ಳುತ್ತಾರೆ, ಬೀದಿಯ ಗಂಡಸರು ನೋಡಿಬಿಟ್ಟರೆ! ಇಡೀ ಬೀದಿಗೆ ಗೊತ್ತು, ಪರದೆಗೊಂದೇ ಗೊತ್ತಿಲ್ಲ.

ಈಗ ಸಮಾಚಾರಕ್ಕೆ ಬರುತ್ತೇನೆ, ನನ್ನ ತಲೆಯಂತೂ ಸಿಕ್ಕಾದ ನೂಲಾಗಿದೆ. ನಿಮ್ಮಪ್ಪನ ಜಾಗಕ್ಕೆ ಮಗ್ಗ ರಿಪೇರಿ ಮಾಡುವ ಮೇಸ್ತ್ರಿ ಸಿಗುತ್ತಿಲ್ಲ. ಹುಡುಗರೆಲ್ಲ ವಿಮಾನದ ಕಾರ್ಖಾನೆ ಕಡೆ ಓಡುತ್ತಿದ್ದಾರೆ, ಕೆಟ್ಟ ಮಗ್ಗಗಳು ಕೆಟ್ಟ ಹಾಗೇ ನಿಂತಿವೆ. ಶುಕ್ರವಾರ ಮ್ಯಾನೇಜರ್ ಹಿಂಡಲ್ ನಮ್ಮ ಮನೆಗೇ ಬಂದರು. "ನಿಮ್ಮ ಹುಡುಗಿಗೆ ಮಗ್ಗದ ಕೈಗುಣ ಇದೆಯಂತಲ್ಲ, ವಿಲ್ಫ್ರೆಡ್. ಮೇಸ್ತ್ರಿ ಕೆಲಸಕ್ಕೆ ಬರ್ತಾಳಾ?" ಎಂದು ಕೇಳಿಯೇಬಿಟ್ಟರು. ಹೆಣ್ಣು ಮೇಸ್ತ್ರಿ! ಈ ಮಾತಿಗೇ ಅಲ್ಲವೇ ಚಳಿಗಾಲದಲ್ಲಿ ನಮ್ಮ ಮನೆಗೆ ಬೆಂಕಿ ಬಿದ್ದದ್ದು? ನಿಮ್ಮಪ್ಪ ಸೊಂಟ ಹಿಡಿದು ಮಲಗಿದ್ದಾಗ ನೀನು ನನ್ನ ಪಕ್ಕ ನೇಯುವ ಹಿಲ್ಡಾಳ ಮಗ್ಗ ಬಿಚ್ಚಿ ಸರಿಮಾಡಿದೆ. ಅದಕ್ಕೆ ಅವರು "ಹೆಂಗಸು ನೇಯ್ಬೇಕು, ಗಂಡಸು ಮಗ್ಗ ನೋಡ್ಕೋಬೇಕು, ನಮ್ಮಜ್ಜನ ಕಾಲದಿಂದ್ಲೂ ಹೀಗೇ" ಎಂದು ಹಾರಾಡಿದರು. "ಹಂಗಾದ್ರೆ ನಾನಿಲ್ಲಿ ಯಾಕಿರ್ಲಿ?" ಎಂದು ನೀನು ಪೆಟ್ಟಿಗೆ ಕಟ್ಟಿದೆ. ಅಷ್ಟು ದೂರ ಹೋದವಳಿಗೆ ಅಲ್ಲಿ ಕೊಟ್ಟದ್ದೇನು, ಕಾರಿನ ಸೀಟು ಹೊಲಿಯುವ ಕೆಲಸ! ಅಲ್ಲೂ ಸ್ಪ್ಯಾನರ್ ಗಂಡಸರಿಗೇ ಅಂತೆ. ಹಾಗಾದರೆ ಊರು ಬಿಟ್ಟು ಏನು ಬಂತು, ನನಗೆ ತಿಳಿಯುವುದಿಲ್ಲ.

ಅದೇ ಅಪ್ಪ ಮೊನ್ನೆ ಹಿಂಡಲ್‌ಗೆ ಎದೆಯುಬ್ಬಿಸಿ ಏನೆಂದರು ಗೊತ್ತೇ? "ಬರ್ತಾಳೆ ಸಾರ್. ಸ್ಟೇಷನ್ನಲ್ಲೇ ಹೇಳಿ ಹೋಗಿದಾಳೆ." ಅಯ್ಯೋ ದೇವರೇ! ನಾನು ಒಲೆ ಕೆದಕುತ್ತ ನಿಂತೆ. ಯಾಕೆಂದರೆ ನಿನ್ನ ತುಟಿಯಲ್ಲಿ ನಾನು ಓದಿದ್ದು ಬೇರೆ. ರೈಲಿನ ಕಿಟಕಿ ಕೆಳಗಿಳಿಯಲಿಲ್ಲ, ಎಂಜಿನ್ನು ಕೂಗುತ್ತಿತ್ತು, ನೀನು ಗಾಜಿನ ಹಿಂದಿನಿಂದ, ಮಗ್ಗದ ಸದ್ದಿನಲ್ಲಿ ನಮ್ಮ ಮಿಲ್ಲಿನವರು ಮಾತಾಡುವ ಹಾಗೆ, ದನಿಯಿಲ್ಲದೆ ತುಟಿಯಲ್ಲೇ ಹೇಳಿದೆ. ಬರ್ತೀನಿ ಎಂದೆ ಎನ್ನುತ್ತಾರೆ ನಿಮ್ಮಪ್ಪ. ಮರ್ತೀನಿ ಎಂದಂತೆ ನನಗೆ ಕಂಡಿತು, ನಿಮ್ಮನ್ನೆಲ್ಲ ಮರೆತಾಯಿತು ಎಂದು. ಬಕಾರಕ್ಕೂ ಮಕಾರಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ, ಏನು ಮಾಡಲಿ? ಉಳಿದದ್ದನ್ನು ಮುಖ ನೋಡಿ ತಿಳಿಯಬೇಕು. ನಿನ್ನ ಮುಖವೋ, ಅಳುತ್ತಿದ್ದೆಯೋ ನಗುತ್ತಿದ್ದೆಯೋ ಗಾಜಿನ ಮಸಿಯಲ್ಲಿ ಕಾಣಲೇ ಇಲ್ಲ.

ನಾನು ಹಾಗೆಂದರೆ ನಿಮ್ಮಪ್ಪ ಆ ಹಳೇ ಬುಟ್ಟಿಯ ಕಥೆ ತೆಗೆಯುತ್ತಾರೆ. ನೀನು ಮೂರು ವರ್ಷದವಳಿದ್ದಾಗ ಹಿಲ್ಡಾ ಮಗ್ಗದಾಚೆಯಿಂದ "ಬುಟ್ಟಿ ಕಾಲುವೆಗೆ ಬಿತ್ತು" ಎಂದಳು, ನಾನು "ಪುಟ್ಟಿ ಕಾಲುವೆಗೆ ಬಿತ್ತು" ಎಂದು ಓದಿಕೊಂಡು, ನಾಲ್ಕೂ ಮಗ್ಗ ನಿಲ್ಲಿಸಿ, ಎದೆ ಬಡಿದುಕೊಂಡು ಕಾಲುವೆ ದಂಡೆಯುದ್ದಕ್ಕೂ ಓಡಿದ್ದೆ. ನೀನು ಅಜ್ಜಿಯ ಮನೆಯಲ್ಲಿ ಜಾಮು ಮೆತ್ತಿಕೊಂಡು ಕೂತಿದ್ದೆ. "ಲೇ ಥರ್ಜಾ, ಬುಟ್ಟಿಗೂ ಪುಟ್ಟಿಗೂ ವ್ಯತ್ಯಾಸ ಗೊತ್ತಿಲ್ಲದವಳು ನನಗೆ ತುಟಿ ಓದೋಕೆ ಕಲಿಸ್ತೀಯಾ?" ಎನ್ನುತ್ತಾರೆ. ಅವರ ಮಾತು ನಿಜವಿರಲಿ ಎಂದೇ ನನಗೂ ಆಸೆ ಕಣೇ. ಆದರೆ ಮೇಸ್ತ್ರಿಗಳಿಗೆ ತುಟಿಮಾತು ಅರ್ಧವೇ ಬರುವುದು, ಉಳಿದರ್ಧ ಅವರವರ ಆಸೆ. ನನ್ನದು ಭಯ. ಎರಡರಲ್ಲಿ ಯಾವುದಕ್ಕೆ ಕಣ್ಣು ಚುರುಕು, ನೀನೇ ಹೇಳು.

ಇನ್ನೊಂದು ತಮಾಷೆ. ಮೇಸ್ತ್ರಿಗಳ ಸಂಘದವರು ನಿಮ್ಮಪ್ಪನನ್ನು ಮಾತಾಡಿಸುವುದು ಬಿಟ್ಟಿದ್ದಾರೆ. ನಿನ್ನೆ ಪಬ್ಬಿನಲ್ಲಿ ಒಬ್ಬ "ಮಗಳ ಕೈಗೆ ಸ್ಪ್ಯಾನರ್ ಕೊಟ್ಟು ನೀನು ಲಂಗ ಹಾಕ್ಕೋ" ಎಂದನಂತೆ. ನಿಮ್ಮಪ್ಪ ಊರುಗೋಲು ಎತ್ತಿಕೊಂಡು "ನನ್ನ ಮಗಳು ನಿಮ್ಮಪ್ಪಂಗೂ ಮಗ್ಗ ಕಲಿಸ್ತಾಳೆ ಕಣೋ" ಎಂದರಂತೆ. ನಂಬುತ್ತೀಯಾ? ಚಳಿಗಾಲದ ಮನುಷ್ಯನೇ ಇವರು? ನಾನಂತೂ ಗುರುತು ಹಿಡಿಯಲಾರದೆ ನೋಡುತ್ತ ಕೂತಿರುತ್ತೇನೆ. ಆ ಮಾತನ್ನು ನಿನಗೇ ಬರೆಯಿರಿ ಎಂದರೆ ಮಾತ್ರ ಆಲೂಗಡ್ಡೆ ಹಿಡಿದು ಹಿತ್ತಲಿಗೆ ಹೋಗುತ್ತಾರೆ.

ಮಿಲ್ಲುಗಳೆಲ್ಲ ಮುಚ್ಚುವ ವೇಕ್ಸ್ ರಜೆಗೆ ಊರೆಲ್ಲ ಬ್ಲ್ಯಾಕ್‌ಪೂಲಿನ ಕಡಲತೀರಕ್ಕೆ ಹೊರಟಿದೆ. ರಜೆ ಮುಗಿದು ಮಿಲ್ಲು ತೆರೆಯುವ ಬೆಳಿಗ್ಗೆ ನೀನು ಮಗ್ಗದ ಹತ್ತಿರ ನಿಂತಿರಬೇಕು, ಇಲ್ಲವಾದರೆ ಪಕ್ಕದೂರಿನ ಗಂಡಸಿಗೆ ಆ ಕೆಲಸ. ಹೂಂ ಅಥವಾ ಊಹೂಂ, ಒಂದೇ ಸಾಲು ಬರೆದು ತಕ್ಷಣ ಟಪಾಲಿಗೆ ಹಾಕು. ಬಲವಂತವಿಲ್ಲ. ನಿನ್ನ ಬಾಳು ನಿನ್ನದು. ಉಣ್ಣೆಯ ಅಂಗಿ ಬಿಡಬೇಡ, ಆ ಊರಿನ ಬೇಸಿಗೆಯನ್ನು ನಂಬಬೇಡ. ದೇವರು ನಿನ್ನನ್ನು ತಣ್ಣಗಿಡಲಿ. ಅಪ್ಪನ ಕಡೆಯಿಂದ ಒಂದು ಕೆಮ್ಮು, ಅದನ್ನೇ ಪ್ರೀತಿ ಎಂದು ತಿಳಿದುಕೋ.

ನಿನ್ನ ಅಮ್ಮ,
ಥರ್ಜಾ ಹಾವರ್ತ್

ಮರೆತ ಮಾತು: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನೀನು ನಮ್ಮ ಬೀದಿಯ ಮೂಲೆ ಅಂಗಡಿಗೆ ಫೋನ್ ಮಾಡಬೇಕು ಎನ್ನುತ್ತಾರೆ ನಿಮ್ಮಪ್ಪ. ಬೇಡ. ನನ್ನ ಕಿವಿ ಹೋಗಿದೆ ಮಗಳೇ, ಬರೀ ಮಗ್ಗದ ಸದ್ದಿನಲ್ಲಲ್ಲ, ಮನೆಯಲ್ಲೂ. ಅಪ್ಪನ ಮಾತನ್ನೂ ತುಟಿ ನೋಡಿಯೇ ತಿಳಿಯುತ್ತೇನೆ, ಅವರಿಗೆ ಗೊತ್ತಿಲ್ಲ. ನಿನ್ನ ದನಿ ಹೇಗಿತ್ತೆಂದು ನೆನಪು ಮಾಡಿಕೊಳ್ಳುತ್ತೇನೆ, ಸರಿಯಾಗಿ ಬರುವುದಿಲ್ಲ. ಒಂದು ಸಾಲು ಬರೆ ಎಂದೆನಲ್ಲ, ಅದೂ ಬೇಡ, ಕಾಗದಕ್ಕೆ ಮುಖವಿಲ್ಲ. ಕೆಲಸ ಬೇಡವಾದರೆ ಬಿಡು, ಅಪ್ಪನನ್ನು ನಾನು ನೋಡಿಕೊಳ್ಳುತ್ತೇನೆ. ಬರಲ್ಲ ಅಂತ ಹೇಳುವುದಾದರೂ ಬಂದೇ ಹೇಳು.