ಡಾಮರು ಮುಟ್ಟದ ದಾರಿ

ನವೆಂಬರ್ 12, 2024, ಬೆಳಗ್ಗೆ
ಹಿಂದಿನ ಟೈರಿಗೆ ಗಾಳಿ ಹೊಡೆದೆ. ಚೈನಿಗೆ ಎಣ್ಣೆ. ಸಿದ್ಧಕಟ್ಟೆ ಪೇಟೆಗೆ ಹೋಗಿ ಬಂದೆ. ಶುಗರಿಗೆ ನಡೆಯಿರಿ ಎಂದಿದ್ದರು ಡಾಕ್ಟರು. ಮೂವತ್ತು ವರ್ಷ ಎಕ್ಸ್‌ಪ್ರೆಸ್ ಬಸ್ಸು ಓಡಿಸಿದವನು ನಡೆಯುವುದೇ? ನನಗೆ ಚಕ್ರ ಬೇಕು. ಎರಡಾದರೂ ಸಾಕು.
ರಿಟೈರ್ ಆದ ಮೇಲೆ ಜಗಲಿಯಲ್ಲಿ ಕೂತು ಕೂತು ಹುಚ್ಚು ಹಿಡಿಯುವುದೊಂದು ಬಾಕಿ ಇತ್ತು. ಸೈಕಲ್ ಬಂದ ಮೇಲೆ ಮತ್ತೆ ಮನುಷ್ಯನಾದೆ. ನಾಡಿದ್ದು ವೇಣೂರು. ನನ್ನ ಕಂಡಕ್ಟರ್ ಆಗಿದ್ದ ಲೋಕಯ್ಯ ಈಗ ಅಲ್ಲಿ ಹೋಟೆಲು ಇಟ್ಟಿದ್ದಾನೆ. ಅವನ ಚಾ, ಅವನ ಪಟ್ಟಾಂಗ... ವಾರಕ್ಕೊಮ್ಮೆ ಬೇಕೇ ಬೇಕು.

ನವೆಂಬರ್ 14, ಸಂಜೆ
ಬಿದ್ದೆ. ಅಲ್ಲ, ಬೀಳಿಸಿದರು. ವೇಣೂರಿಗೆ ಹೋಗುವ ದಾರಿ, ತಿರುವಿನಲ್ಲಿ ಎರಡು ಬಸ್ಸುಗಳಿಗೆ ಟೈಮಿಂಗಿನ ಜಗಳ. ಹಾರ್ನಿಗೆ ಹೆದರಿ ಚರಂಡಿಗೆ ಇಳಿದೆ. ಮೊಣಕೈ ಒಡೆಯಿತು. ಸೈಕಲಿಗೆ ಏನೂ ಆಗಲಿಲ್ಲ, ಪುಣ್ಯ.
ನನ್ನ ಹೆಂಡತಿ ಹರಿಣಾಕ್ಷಿ ಅಳುವುದನ್ನು ನಾನು ಕಂಡದ್ದು ಕಡಿಮೆ. ಇವತ್ತು ಗಾಯ ತೊಳೆಯುತ್ತಾ ಅತ್ತಳು. ಆಮೇಲೆ ಕಣ್ಣೊರೆಸಿ ಸೀದಾ ದೈವದ ಕೋಣೆಗೆ ಎಳೆದುಕೊಂಡು ಹೋದಳು. ದೀಪ ಹಚ್ಚಿದಳು.
"ಹೇಳಿ. ಡಾಮರು ರೋಡಿನಲ್ಲಿ ಇನ್ನು ಸೈಕಲ್ ಬಿಡುವುದಿಲ್ಲ ಅಂತ ಹೇಳಿ."
"ಮತ್ತೆ ಎಲ್ಲಿ ಬಿಡುವುದು? ಆಕಾಶದಲ್ಲಾ?"
"ಡಾಮರು ಮುಟ್ಟದೆ ವೇಣೂರಿಗೆ ಹೋಗಿ ತೋರಿಸಿ. ಮೇ ತಿಂಗಳ ಪತ್ತನಾಜೆಯ ಒಳಗೆ. ಹೋದರೆ ಸೈಕಲ್ ಇರಲಿ. ಆಗದಿದ್ದರೆ ಮಳೆಗಾಲಕ್ಕೆ ಮೊದಲು ಮಾರುವುದು."
ಹೇಳಿದೆ. ಪೊಲೀಸರಿಗೆ ಸುಳ್ಳು ಹೇಳಬಹುದು, ದೈವಕ್ಕೆ ಹೇಳಲಿಕ್ಕುಂಟೇ?
ಇವಳು ನನ್ನ ಬಸ್ಸಿಗೂ ಹತ್ತಿದವಳಲ್ಲ. ಸ್ಟಾಪಿನಲ್ಲಿ ನಿಂತಿದ್ದರೂ ಮುಖ ಆಚೆ ತಿರುಗಿಸಿ ಹಿಂದಿನ ಬಸ್ಸಿಗೆ ಬರುತ್ತಿದ್ದಳು. 'ನಿಮ್ಮ ಸ್ಪೀಡಿಗೆ ನನ್ನ ಜೀವ ಕೊಡ್ಲಿಕ್ಕಿಲ್ಲ' ಎಂದು. ಸ್ಟ್ಯಾಂಡಿನಲ್ಲಿ ಎಲ್ಲರೂ ನಗುತ್ತಿದ್ದರು. ಅದು ಈಗಲೂ ಚುಚ್ಚುತ್ತದೆ.

ನವೆಂಬರ್ 20
ದಾರಿ ಉಂಟು! ಮನೆಯ ಹಿಂದಿನಿಂದ ಬೈಲಿಗೆ ಇಳಿದರೆ ಗದ್ದೆಗಳ ನಡುವೆ ಅಗಲದ ಕಟ್ಟಪುಣಿ, ಸೈಕಲ್ ಹೋಗುವಷ್ಟು ದೊಡ್ಡ ಬದು. ಅದು ಮುಗಿದಲ್ಲಿ ಫಲ್ಗುಣಿ ಹೊಳೆ. ಹೊಳೆಯ ಬದಿಯಲ್ಲೇ ಹಿಂದೆ ಮರಳು ಹೊತ್ತ ಹೊಯ್ಗೆ ಲಾರಿ ಓಡುತ್ತಿದ್ದ ಕೆಂಪು ಚರಳುಕಲ್ಲಿನ ದಾರಿ. ಈಗ ಲಾರಿಯೂ ಇಲ್ಲ, ನರಪಿಳ್ಳೆಯೂ ಇಲ್ಲ. ಚಟಪಟ ಎಂದು ಟೈರಿನ ಅಡಿಯ ಕಲ್ಲಿನ ಸದ್ದು ಮಾತ್ರ.
ಒಂದೇ ಒಂದು ಹಾರ್ನ್ ಇಲ್ಲ. ಮುಂಗುಸಿ ಅಡ್ಡ ಬಂತು — ನಿಲ್ಲಿಸಿ ದಾರಿ ಬಿಟ್ಟುಕೊಟ್ಟೆ. ಗಟ್ಟಿಯಾಗಿ ಹಾಡಿದೆ ಕೂಡ. ಕೇಳುವವರಿರಲಿಲ್ಲ, ಅವರ ಅದೃಷ್ಟ.
ಆಮೇಲೆ ಹೊಳೆಗೆ ಸೇರುವ ತೋಡು. ಸೊಂಟದವರೆಗೆ ನೀರು, ಎಳೆತ ಬೇರೆ. ಸೇತುವೆ ಇರುವುದು ಬಹಳ ದೂರ ಮೇಲೆ, ಡಾಮರು ರೋಡಿನಲ್ಲಿ. ವಾಪಸ್.

ನವೆಂಬರ್ 27
ಮತ್ತೆ ತೋಡಿನವರೆಗೆ. ಅಲ್ಲಿ ಗದ್ದೆ ಇರುವ ಪೂವಮ್ಮ ಸಿಕ್ಕಿದರು. ನನ್ನ ಬಸ್ಸಿಗೆ ಇಲ್ಲಿಯ ಸ್ಟಾಪಿನಲ್ಲಿ ಹತ್ತುತ್ತಿದ್ದವರು, ಯಾವಾಗಲೂ ಎರಡನೇ ಸೀಟು. ನಾನು ಮನುಷ್ಯರನ್ನು ನೆನಪಿಡುವುದೇ ಹಾಗೆ.
"ಇಲ್ಲಿ ಪ್ರತಿ ವರ್ಷ ಕಟ್ಟ ಕಟ್ಟುತ್ತಿದ್ದೆವು ಡ್ರೈವರೇ. ತೋಡಿಗೆ ಅಡ್ಡ, ಮಣ್ಣು ಮತ್ತು ಅಡಿಕೆ ಮರ. ನೀರು ನಿಲ್ತಿತ್ತು, ಬಾವಿ ತುಂಬ್ತಿತ್ತು. ಮೇಲಿನಿಂದ ಜನ ನಡೀತಿದ್ದರು. ಬೋರ್‌ವೆಲ್ ಬಂತು, ಕಟ್ಟ ಹೋಯ್ತು."
"ಮತ್ತೆ ಕಟ್ಟುವ."
"ಎಂತಕ್ಕೆ?"
"ನನ್ನ ಸೈಕಲಿಗೆ."
ಅವರು ನಕ್ಕ ನಗುವಿಗೆ ಹೊಳೆಯಾಚೆಯ ಕೊಕ್ಕರೆ ಹಾರಿಹೋಯಿತು.

ಡಿಸೆಂಬರ್ 15
ಮನೆಮನೆಗೆ ಹೋದೆ. ಎಲ್ಲ ಕಡೆ ಚಾ ಕೊಟ್ಟರು, ಕೆಲಸಕ್ಕೆ ಬರುತ್ತೇನೆ ಎಂದು ಒಬ್ಬರೂ ಹೇಳಲಿಲ್ಲ. ಪೂವಮ್ಮ ಬೈದರು: "ಸೈಕಲ್ ಅಂತ ಯಾಕೆ ಹೇಳ್ತೀರಿ? ನೀರು ಅಂತ ಹೇಳಿ."
ಎರಡೂ ಸತ್ಯವೇ. ಆದರೂ ಆದಿತ್ಯವಾರ ಬಂದದ್ದು ನಾನು ಮತ್ತು ಪೂವಮ್ಮ. ಇಬ್ಬರೇ ಎಂತ ಕಟ್ಟುವುದು, ಮಣ್ಣಂಗಟ್ಟಿ.

ಡಿಸೆಂಬರ್ 22, ಸಂಜೆ
ಫೋನ್ ಮಾಡಿ ಕರೆದಿದ್ದೆ, ಲೋಕಯ್ಯ ಬಸ್ಸಿನಲ್ಲಿ ಬಂದ. ಕಿಸೆಯಿಂದ ತನ್ನ ಹಳೆಯ ವಿಸಿಲ್ ತೆಗೆದ. ಗದ್ದೆಯ ಹುಣಿಯ ಮೇಲೆ ನಿಂತು ಎರಡು ಸಲ ಊದಿದ — ಬಸ್ಸು ಹೊರಡುವ ವಿಸಿಲ್. "ಯೇ, ಬೇಗ ಬೇಗ! ಬಸ್ಸು ಬಿಡ್ತದೆ!"
ಮಾರಾಯ, ಏನು ಹೇಳಲಿ! ಮನೆಗಳಿಂದ ಜನ ಓಡಿ ಬಂದರು, ಅಭ್ಯಾಸದ ಮೇಲೆ. ಬಂದ ಮೇಲೆ ನಗು. ನಕ್ಕವರನ್ನು ವಾಪಸ್ ಕಳಿಸಲು ಪೂವಮ್ಮ ಬಿಟ್ಟರೆ ತಾನೇ? ಪ್ರತಿಯೊಬ್ಬರ ಕೈಗೂ ಬುಟ್ಟಿ, ಹಾರೆ. ಸಂಜೆಗೆ ಅರ್ಧ ಕಟ್ಟ ಎದ್ದು ನಿಂತಿದೆ.
ಲೋಕಯ್ಯ ವಿಸಿಲನ್ನು ಹರಿಣಾಕ್ಷಿಯ ಕೈಗೆ ಕೊಟ್ಟು ಹೋದ. "ನಾಳೆಯೂ ಬೇಕಾಗ್ತದೆ ಅಕ್ಕ." ಅವಳು ಅದನ್ನು ತೊಳೆದು ಕಪಾಟಿನಲ್ಲಿಟ್ಟಳು.

ಜನವರಿ 6
ಮೇಲೆ ಸೈಕಲ್ ಹೋಗುವಷ್ಟು ಗಟ್ಟಿಯಾಗುವ ಮೊದಲೇ ಕಟ್ಟ ಒಡೆಯಿತು. ಹೊತ್ತಲ್ಲದ ಹೊತ್ತಿನ ಮಳೆ. ಎರಡು ವಾರದ ಬೆವರು ಒಂದೇ ರಾತ್ರಿಗೆ ಹೊಳೆ ಸೇರಿತು. ಸೈಕಲನ್ನು ಕೊಟ್ಟಿಗೆಗೆ ಹಾಕಿ ಗೋಣಿ ಮುಚ್ಚಿದೆ. ನೋಡಲಿಕ್ಕೆ ಆಗುವುದಿಲ್ಲ.

ಫೆಬ್ರವರಿ 9
ಬರೆಯಲು ಏನೂ ಇರಲಿಲ್ಲ. ಶುಗರ್ ಏರಿದೆ. ಜಗಲಿ, ಪೇಪರ್, ನಿದ್ದೆ, ಜಗಲಿ.
ಇವತ್ತು ಬೆಳಗ್ಗೆ ಅಂಗಳದಲ್ಲಿ ಜನ. ಮುಂದೆ ಪೂವಮ್ಮ. "ಕಟ್ಟ ಇದ್ದ ಹತ್ತು ದಿನದಲ್ಲೇ ಬಾವಿಯ ನೀರು ಒಂದಾಳು ಏರಿತ್ತು ಡ್ರೈವರೇ. ಈಗ ಪುನಃ ಇಳಿದಿದೆ. ಕೂತದ್ದು ಸಾಕು. ವಿಸಿಲ್ ಎಲ್ಲಿ?"
ನಾನು ಬಾಯಿ ತೆರೆಯುವ ಮೊದಲೇ ಹರಿಣಾಕ್ಷಿ ಕಪಾಟಿನಿಂದ ವಿಸಿಲ್ ತಂದುಕೊಟ್ಟಳು.

ಫೆಬ್ರವರಿ 17
ನಿಂತಿತು! ಈ ಸಲ ಹೊಯ್ಗೆ ಚೀಲ ಎರಡು ಸಾಲು, ನಡುವೆ ಮಣ್ಣು ತುಳಿದು ತುಳಿದು ಗಟ್ಟಿ ಮಾಡಿದ್ದೇವೆ. ಹಿಂದೆ ನೀರು ಕನ್ನಡಿ. ಮಕ್ಕಳು ಆಗಲೇ ಹಾರಿ ಈಜುತ್ತಿದ್ದಾರೆ. ನಾಡಿದ್ದು ನಾನು ವೇಣೂರಿಗೆ.

ಫೆಬ್ರವರಿ 19, ಮಧ್ಯಾಹ್ನ, ಲೋಕಯ್ಯನ ಹೋಟೆಲು
ಅವನ ಬಿಲ್ ಪುಸ್ತಕದ ಹಿಂದೆ ಗೀಚುತ್ತಿದ್ದೇನೆ.
ಕಟ್ಟ ದಾಟಿದೆ. ಆಚೆ ಬದಿಯಲ್ಲಿ ಪೂವಮ್ಮನ ಚಪ್ಪಾಳೆ. ಮತ್ತೆ ಚರಳು, ಹೊಳೆ, ಬಿದಿರು, ಚರಳು... ಕಾಲಿಗೆ ರೆಕ್ಕೆ ಬಂದಿತ್ತು.
ಪೇಟೆಯ ಹಿಂದಿನ ಕೊನೆಯ ಮಣ್ಣಿನ ರೋಡು. ನೋಡಿದರೆ — ಕಪ್ಪು! ಹೋದ ವಾರ ಡಾಮರು ಹಾಕಿದ್ದಾರೆ. ವಾಸನೆ ಕೂಡ ಹೋಗಿಲ್ಲ. ಇಡೀ ಊರಿಗೆ ಗುಂಡಿ, ಇಲ್ಲಿಗೆ ಮಾತ್ರ ಹೊಸ ಡಾಮರು! ಹಾಕಿದವರಿಗೆ ಬಾಯಿಗೆ ಬಂದದ್ದೆಲ್ಲ ಬೈದೆ.
ತಿರುಗಿ ಹೋಗುವುದೇ? ಇಲ್ಲಿಯವರೆಗೆ ಬಂದು? ಯಾರೂ ನೋಡುವುದಿಲ್ಲ, ನಾಲ್ಕು ತುಳಿತ ಅಷ್ಟೇ ಎಂದು ಮನಸ್ಸು ಹೇಳಿತು. ಹರಿಣಾಕ್ಷಿ ಹಚ್ಚಿದ ದೀಪ ಕಣ್ಣ ಮುಂದೆ ಬಂತು.
ಸೈಕಲನ್ನು ಹೆಗಲಿಗೆ ಏರಿಸಿದೆ.
ಏರು ಬೇರೆ. ಪೆಡಲ್ ಬೆನ್ನಿಗೆ ಕುಟ್ಟುತ್ತಿತ್ತು. ಹೆಂಗಸರು ನಿಂತು ನೋಡಿದರು. ಒಂದು ಬಸ್ಸು ಸ್ಲೋ ಮಾಡಿ ಸೈಡ್ ಕೊಟ್ಟಿತು — ನನಗೆ! ಲೋಕಯ್ಯ ದೋಸೆ ಮಗುಚುವ ಚಟ್ಟುಕ ಹಿಡಿದುಕೊಂಡೇ ಹೊರಗೆ ಬಂದ.
"ಎಂತ ದಯಣ್ಣ, ಗಾಡಿ ಬ್ರೇಕ್‌ಡೌನಾ?"
"ಇಲ್ಲ. ಇವತ್ತು ಗಾಡಿಗೆ ರಜೆ, ಡ್ರೈವರಿಗೆ ಡ್ಯೂಟಿ."
ಹೋಟೆಲೆಲ್ಲ ನಕ್ಕಿತು. ನಾನು ಹೆಚ್ಚು ನಕ್ಕೆ. ಗೆದ್ದೆ! ಹೋಗುವಾಗಲೂ ಹೊರುತ್ತೇನೆ, ಅದಕ್ಕೇನು.

ಫೆಬ್ರವರಿ 19, ರಾತ್ರಿ
ಹರಿಣಾಕ್ಷಿ ಲೋಕಯ್ಯನಿಗೆ ಫೋನ್ ಮಾಡಿ ವಿಚಾರಿಸಿದ್ದಾಳೆ. ನಾನು ಹೊತ್ತದ್ದು ಮನೆಗೆ ಬರುವ ಮೊದಲೇ ಅವಳಿಗೆ ಗೊತ್ತಿತ್ತು. ಕೆಂಪಾದ ಹೆಗಲಿಗೆ ಎಣ್ಣೆ ತಿಕ್ಕಿದಳು. "ನಿಮಗೆ ಮರ್ಲು, ಹುಚ್ಚು," ಎಂದಳು. ದೈವದ ಕೋಣೆಗೆ ಹೋಗಿ ಕೈ ಮುಗಿದು ಬಂದಳು. ಆಮೇಲೆ, ಪಾತ್ರೆ ತೊಳೆಯುತ್ತಾ, ನನ್ನ ಕಡೆ ನೋಡದೆ:
"ಆ ಸೈಕಲಿಗೆ ಹಿಂದೆ ಕೂರ್ಲಿಕ್ಕೆ ಎಂತದೂ ಹಾಕ್ಲಿಕ್ಕೆ ಆಗುದಿಲ್ವಾ?"
ನಿದ್ದೆ ಬರುತ್ತಿಲ್ಲ.

ಫೆಬ್ರವರಿ 23, ಬೆಳಗ್ಗೆ 6.15
ಕ್ಯಾರಿಯರ್ ಹಾಕಿಸಿಯಾಯಿತು. ಮೇಲೆ ಕಂಬಳಿ ಮಡಿಸಿ ಕಟ್ಟಿದ್ದೇನೆ. ಹರಿಣಾಕ್ಷಿ ಅಂಗಳದಲ್ಲಿ ನಿಂತಿದ್ದಾಳೆ, ಕೈಯಲ್ಲಿ ಲೋಕಯ್ಯನಿಗೆಂದು ಹಪ್ಪಳದ ಕಟ್ಟು. ಕೊನೆಯ ಏರಿನಲ್ಲಿ ಅವಳು ನಡೆಯುವುದು, ನಾನು ಹೊರುವುದು ಎಂದು ಒಪ್ಪಂದ.
"ಬರೆದದ್ದು ಸಾಕು. ಡ್ರೈವರು ಎಲ್ಲಿ? ಹಿಂದಿನ ಬಸ್ಸಿಗೆ ಹೋಗ್ಲಿಕ್ಕೆ ನನಗೆ ಗೊತ್ತುಂಟು."
ಅಯ್ಯೋ, ವಿಸಿಲ್ ಊದುತ್ತಿದ್ದಾಳೆ! ಒಂದು... ಎರಡು. ಬಂದೆ ಮಾರಾಯ್ತಿ, ಬಂ—