ಅವ್ವನ ಸಣ್ಣ ಡಬ್ಬಿ

ಭೋಸರಿ, ಪುಣೆ
೭ ಫೆಬ್ರುವರಿ ೨೦೨೬, ಶನಿವಾರ

ಪ್ರೀತಿಯ ಆರತಿ ಅಕ್ಕನಿಗೆ, ಕಿಶೋರನ ನಮಸ್ಕಾರ.

ಅವ್ವನ ಸಣ್ಣ ಡಬ್ಬಿಯ ಶೇಂಗಾ ಹಿಂಡಿಯಲ್ಲಿ ವಿಷ ಇದೆ. ಹೇಳಿದ್ದು ನಮ್ಮ ಕಂಪನಿಯ ಯಂತ್ರ. ಮತ್ತೆ ಎರಡು ಸಲ ನೋಡಿ ಹೌದೆಂದವರು ನಮ್ಮ ರಂಜಿನಿ ಮೇಡಂ. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಮನೆ ಒಂದೇ ಖೋಲಿ; ಫೋನಿನಲ್ಲಿ ಮಾತಾಡಿದರೆ ಅಪ್ಪನಿಗೆ ಎಲ್ಲ ಕೇಳುತ್ತದೆ.

ಯಂತ್ರ ಅಂಗೈಯಷ್ಟು. ಹಿಂಡಿಯಂಥ ಚಟ್ನಿಪುಡಿಯನ್ನು ದ್ರಾವಣದಲ್ಲಿ ಕಲಕಿ ಒಂದು ಹನಿ ಹಾಕಿದರೆ, ಬೆಳಕು ಹಾಯಿಸಿ, ಬೂಷ್ಟು ಹಿಡಿದ ಕಾಳಿನ ವಿಷ ಎಷ್ಟಿದೆ ಎಂದು ಕೂತಲ್ಲೇ ತೋರಿಸುತ್ತದೆ. ಈ ವಾರ ಇಲ್ಲಿನ ಕ್ಯಾಂಪ್ ಪೇಟೆಯ ಅಂಗಡಿಗಳ ಶೇಂಗಾ ನೋಡುತ್ತಿದ್ದೆವು. ಸುಮ್ಮನೆ ಮನೆಯದನ್ನೂ ಒಂದು ಚಮಚ ಒಯ್ದೆ. ಮೇಡಂ ನೋಡಿ, "ಕಿಶೋರ್, ಇದು ಯಾವ ಅಂಗಡೀದು? ಮೊದಲು ಮಾರೋದು ನಿಲ್ಲಿಸೋಕೆ ಹೇಳಿ" ಅಂದರು. ಮನೆಯದು ಎನ್ನದೆ, ಇನ್ನೊಮ್ಮೆ ನೋಡಿ ಎಂದೆ.

ಅಪ್ಪನಿಗೆ ಹೇಳಿದೆ. ಅವ್ವ ಹೋದಾಗಿನಿಂದ ದಿನಾ ರೊಟ್ಟಿಗೆ ಅದನ್ನೇ ಚಿಟಿಕೆ ಚಿಟಿಕೆ ಹಚ್ಚಿಕೊಳ್ಳುತ್ತಿದ್ದಾನೆ.

"ನಿನ್ನ ಮಷೀನಿಗೆ ಉಪ್ಪು ಖಾರ ತಿಳೀತದೇನಲೇ?"

"ವಿಷ ತಿಳೀತದಪ್ಪಾ."

"ಆಕಿ ಕೈಲೆ ಕುಟ್ಟಿದ್ದು ವಿಷ ಅಂತೀ?"

ಡಬ್ಬಿ ತೆರೆದು ತೋರಿಸಿದ. ಅವ್ವ ಹಿಂಡಿಯನ್ನು ಒತ್ತಿ ಒತ್ತಿ ತುಂಬುತ್ತಿದ್ದಳಲ್ಲ, ಅವಳ ನಾಲ್ಕು ಬೆರಳಿನ ಗುರುತು ಒಂದು ಬದಿಗೆ ಹಾಗೇ ಇದೆ. ಈಗಷ್ಟೇ ಕೈ ತೆಗೆದು ಒಳಗೆ ಹೋದಂತೆ. ಅಪ್ಪ ಇನ್ನೊಂದು ಬದಿಯಿಂದ ಮಾತ್ರ ತೆಗೆಯುತ್ತಾನೆ. ಅಂದಿನಿಂದ ಕಣ್ಣು ಮುಚ್ಚಿದರೂ ನನಗೆ ಆ ಬೆರಳುಗಳೇ.

ಇವತ್ತು ಅವನ ತಟ್ಟೆಯಲ್ಲಿ ಹಿಂಡಿ ಇರಲಿಲ್ಲ. ಡಬ್ಬಿ ಪಕ್ಕದಲ್ಲಿತ್ತು. "ತಿನ್ನೂದಿಲ್ಲ ಬಿಡು. ನನ್ನ ಜೋಡಿ ಕೂತಿರ್ತದ" ಎಂದ.

ಭಾವನವರಿಗೆ ನಮಸ್ಕಾರ. ಚಿನ್ನುಗೆ ಸೋದರಮಾವನ ಆಶೀರ್ವಾದ. ಚೆನ್ನಾಗಿ ಉಂಡು ಬೆಳೆಯಲಿ.

ನಿನ್ನ ತಮ್ಮ,
ಕಿಶೋರ

ತಾ.ಕ.: ಹೆದರಬೇಡ, ನಿನಗೂ ನನಗೂ ಎಂದು ಮಾಡಿದ ದೊಡ್ಡ ಡಬ್ಬಿಯ ಹಿಂಡಿಯಲ್ಲಿ ವಿಷ ಇಲ್ಲ. ಅದನ್ನೂ ನೋಡಿದೆ. ಇದೊಂದರಲ್ಲಿ ಯಾಕೆ ಎಂದು ಅಪ್ಪನನ್ನು ಕೇಳಿದೆ. "ಚಲೋ ಕಾಳು ಆರಿಸಿ ನಿಮಗ ಇಡ್ತಿದ್ದಳು. ಸುಕ್ಕಿದ್ದು, ಕಪ್ಪಾದದ್ದು ಚೆಲ್ಲಾಕ ಮನಸ್ಸಿಲ್ಲದೆ ತನಗ ಕುಟ್ಟಿಕೊಳ್ತಿದ್ದಳು. ನನಗೊಬ್ಬಾಕಿಗೆ ಏನಾಗ್ತದ ಅಂತಿದ್ದಳು" ಎಂದ. ಪ್ರತಿ ವರ್ಷವಂತೆ. ಅವಳ ಲಿವರ್ ಕೆಟ್ಟದ್ದು ಇದರಿಂದಲೇ ಎಂದು ಯಂತ್ರ ಹೇಳುವುದಿಲ್ಲ.

ಅಪ್ಪ ಎಷ್ಟು ವಿಷ ತಿಂದಿದ್ದಾನೆ ಎಂದು ತಿಳಿಯಲು, ಅವನನ್ನು ನೋಡಿದ ಡಾಕ್ಟರು ದೊಡ್ಡ ಪ್ರಯೋಗಾಲಯದ ವರದಿ ಕೇಳಿದ್ದಾರೆ. ವಿಷ ಒಂದೇ ಸಮ ಹರಡಿರುವುದಿಲ್ಲ. ಅದಕ್ಕೆ ಡಬ್ಬಿಯಲ್ಲಿರುವುದನ್ನೆಲ್ಲ ಕಲಸಿಯೇ ಅಳೆಯುತ್ತಾರೆ. ಬೆರಳಿನ ಗುರುತು ಉಳಿಯುವುದಿಲ್ಲ ಎಂದು ಅಪ್ಪನಿಗೆ ಹೇಳಿದೆ. "ಒಯ್ಯಿ" ಎಂದ.

ಸೋಮವಾರ ಬೆಳಿಗ್ಗೆ ಡಬ್ಬಿ ಕೊಟ್ಟು ಬರುತ್ತೇನೆ. ಬುಧವಾರ ಅಪ್ಪನ ರಕ್ತ ಪರೀಕ್ಷೆ.